ಏಕಮಾಲೀಕತ್ವದ ವ್ಯಾಪಾರ: ಸಂಖ್ಯೆಗಳು ಹಲವು, ತೆರಿಗೆದಾರ ಒಬ್ಬನೇ

ನಮ್ಮ ವಾಣಿಜ್ಯ ಸಂಸ್ಥೆಯ ಸದಸ್ಯರಲ್ಲಿ ಅನೇಕರು ಪಾಲುದಾರರಿಲ್ಲದೆ, ಸ್ವಂತ ಬಂಡವಾಳದಿಂದ, ಸ್ವಂತ ಹೊಣೆಯ ಮೇಲೆ ಅಂಗಡಿ, ಮಂಡಿ, ಗಿರಣಿ ಅಥವಾ ಸಣ್ಣ ಕಾರ್ಖಾನೆಯನ್ನು ನಡೆಸುವವರಾಗಿದ್ದಾರೆ. ಇಂತಹವರ ಕಡತದಲ್ಲಿ ಪ್ಯಾನ್, ಜಿಎಸ್‌ಟಿ ಸಂಖ್ಯೆ, ಟ್ಯಾನ್, ಉದ್ಯಮ್ ನೋಂದಣಿ, ವೃತ್ತಿ ತೆರಿಗೆ ಸಂಖ್ಯೆ ಎಂದು ನಾಲ್ಕೈದು ಸಂಖ್ಯೆಗಳಾದರೂ ಇರುತ್ತವೆ. ಬಹುಮಟ್ಟಿಗೆ ಇವುಗಳನ್ನೆಲ್ಲ ಲೆಕ್ಕಿಗರೋ ತೆರಿಗೆ ಸಲಹೆಗಾರರೋ ಪಡೆದುಕೊಟ್ಟಿರುತ್ತಾರೆ. ಮಾಲೀಕರು ಸಹಿ ಹಾಕಿ ಮುಂದಿನ ಕೆಲಸಕ್ಕೆ ಹೋಗಿರುತ್ತಾರೆ. ಈ ಸಂಖ್ಯೆಗಳು ಅಂಗಡಿಯವೋ ಅಥವಾ ಮಾಲೀಕರವೋ ಎಂಬ ಪ್ರಶ್ನೆಯನ್ನು ಕೇಳಿಕೊಂಡವರು ವಿರಳ. ನೋಂದಣಿ ಯಾವಾಗ ಕಡ್ಡಾಯವಾಗುತ್ತದೆ, ಇಲಾಖೆಯ ನೋಟಿಸು ಏಕೆ ಬರುತ್ತದೆ, ಮಾಲೀಕರ ಕಾಲಾನಂತರ ವ್ಯಾಪಾರದ ಗತಿ ಏನು ಎಂಬ ಮೂರು ವಿಷಯಗಳೂ ಈ ಒಂದು ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ. ಆದ್ದರಿಂದ ಅದನ್ನು ಕ್ರಮವಾಗಿ ಪರಿಶೀಲಿಸೋಣ.

1. ಕಾನೂನಿನ ದೃಷ್ಟಿಯಲ್ಲಿ ಏಕಮಾಲೀಕತ್ವ

ಕಂಪನಿಯು ತನ್ನ ಷೇರುದಾರರಿಂದ ಬೇರೆಯಾದ ಕಾನೂನುಬದ್ಧ ವ್ಯಕ್ತಿ. ಪಾಲುದಾರಿಕೆ ಸಂಸ್ಥೆಯು ಆದಾಯ ತೆರಿಗೆಯ ಮಟ್ಟಿಗೆ ಪಾಲುದಾರರಿಂದ ಬೇರೆಯಾದ ತೆರಿಗೆದಾರ. ಆದರೆ ಏಕಮಾಲೀಕತ್ವಕ್ಕೆ ಇಂತಹ ಪ್ರತ್ಯೇಕ ಅಸ್ತಿತ್ವವಿಲ್ಲ. ಅಂಗಡಿಯ ಹೆಸರು ಮಾಲೀಕನು ವ್ಯವಹಾರಕ್ಕಾಗಿ ಇಟ್ಟುಕೊಂಡ ಇನ್ನೊಂದು ಹೆಸರು ಮಾತ್ರ. ಅಂಗಡಿಯ ಲಾಭ ಮಾಲೀಕನ ಆದಾಯ; ಅಂಗಡಿಯ ಸಾಲ ಮಾಲೀಕನ ಸಾಲ; ಅಂಗಡಿಯ ತೆರಿಗೆ ಬಾಕಿ ಮಾಲೀಕನ ಬಾಕಿ.

ಫಲಕದ ಮೇಲೆ "ಅಂಡ್ ಸನ್ಸ್" ಅಥವಾ "ಬ್ರದರ್ಸ್" ಎಂದು ಬರೆಸಿದ ಮಾತ್ರಕ್ಕೆ ಮಕ್ಕಳಾಗಲಿ ಸಹೋದರರಾಗಲಿ ಪಾಲುದಾರರಾಗುವುದಿಲ್ಲ. ಪಾಲುದಾರಿಕೆಯ ಒಪ್ಪಂದ ಪತ್ರವೂ ಅದರ ಆಧಾರದ ಮೇಲೆ ಸಂಸ್ಥೆಯ ಹೆಸರಿನಲ್ಲಿ ಪಡೆದ ಪ್ರತ್ಯೇಕ ಪ್ಯಾನ್ ಕೂಡ ಇಲ್ಲದಿದ್ದರೆ, ಇಪ್ಪತ್ತು ವರ್ಷ ಜೊತೆಯಲ್ಲಿ ದುಡಿದ ಮಗನೂ ಇಲಾಖೆಯ ದಾಖಲೆಯಲ್ಲಿ ಮಾಲೀಕನಲ್ಲ.

2. ಪ್ಯಾನ್: ಎಲ್ಲ ಸಂಖ್ಯೆಗಳ ಬೇರು

ಆದಾಯ ತೆರಿಗೆ ಕಾಯಿದೆ, 1961ರ 139ಎ ಕಲಮಿನ ಅಡಿಯಲ್ಲಿ ನೀಡಲಾಗುತ್ತ ಬಂದ ಶಾಶ್ವತ ಖಾತೆ ಸಂಖ್ಯೆಯೇ ಪ್ಯಾನ್. ಇದರಲ್ಲಿ 10 ಸ್ಥಾನಗಳಿವೆ: ಮೊದಲು 5 ಅಕ್ಷರ, ಅನಂತರ 4 ಅಂಕಿ, ಕೊನೆಗೆ 1 ಅಕ್ಷರ. ಈ ಪೈಕಿ ನಾಲ್ಕನೆಯ ಅಕ್ಷರವು ತೆರಿಗೆದಾರನ ಸ್ವರೂಪವನ್ನು ತಿಳಿಸುತ್ತದೆ. ವ್ಯಕ್ತಿಯಾದರೆ 'ಪಿ', ಹಿಂದೂ ಅವಿಭಕ್ತ ಕುಟುಂಬವಾದರೆ 'ಎಚ್', ಪಾಲುದಾರಿಕೆ ಸಂಸ್ಥೆಯಾದರೆ 'ಎಫ್', ಕಂಪನಿಯಾದರೆ 'ಸಿ'. ಐದನೆಯದು ವ್ಯಕ್ತಿಯ ಕುಲನಾಮದ ಅಥವಾ ಕೊನೆಯ ಹೆಸರಿನ ಮೊದಲ ಅಕ್ಷರ.

ಏಕಮಾಲೀಕತ್ವಕ್ಕೆಂದು ಪ್ರತ್ಯೇಕ ಅಕ್ಷರವಿಲ್ಲದಿರುವುದನ್ನು ಓದುಗರು ಗಮನಿಸಬೇಕು. ಅಂಗಡಿಗೆ ಪ್ಯಾನ್ ಇಲ್ಲ; ಮಾಲೀಕರ 'ಪಿ' ಅಕ್ಷರದ ಪ್ಯಾನ್ ಸಂಖ್ಯೆಯೇ ಅವರ ಎಲ್ಲ ವ್ಯಾಪಾರಗಳಿಗೂ ಅನ್ವಯಿಸುತ್ತದೆ. ಹೊಸ ಅಂಗಡಿ ತೆರೆದಾಗ ಅದಕ್ಕೆಂದು ಇನ್ನೊಂದು ಪ್ಯಾನ್ ಪಡೆಯುವುದು ಕಾನೂನುಬಾಹಿರ. ಒಬ್ಬ ವ್ಯಕ್ತಿಯು ಒಂದಕ್ಕಿಂತ ಹೆಚ್ಚು ಪ್ಯಾನ್ ಹೊಂದಿದ್ದರೆ 1961ರ ಕಾಯಿದೆಯ 272ಬಿ ಕಲಮಿನಂತೆ ರೂ. 10,000 ದಂಡಕ್ಕೆ ಅವಕಾಶವಿದೆ. ಹಿಂದೆಂದೋ ಎರಡು ಕಾರ್ಡು ಬಂದಿದ್ದರೆ, ಬಳಕೆಯಲ್ಲಿರುವ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಇಲಾಖೆಗೆ ಒಪ್ಪಿಸುವುದು ಕ್ಷೇಮ.

ಆಧಾರ್‌ನೊಂದಿಗೆ ಜೋಡಿಸಬೇಕಾಗಿದ್ದರೂ ಜೋಡಿಸದ ಪ್ಯಾನ್‌ಗಳು 1-7-2023ರಿಂದ ನಿಷ್ಕ್ರಿಯವಾದವು. ಪ್ಯಾನ್ ನಿಷ್ಕ್ರಿಯವಾದರೆ ತೆರಿಗೆಯ ಮರುಪಾವತಿ ಬರುವುದಿಲ್ಲ. ನಮಗೆ ಹಣ ಪಾವತಿಸುವವರು ಹೆಚ್ಚಿನ ದರದಲ್ಲಿ ತೆರಿಗೆ ಕಡಿತ ಮಾಡಬೇಕಾಗುತ್ತದೆ.

ಇನ್ನೊಂದು ಮಾತು. 1961ರ ಕಾಯಿದೆಯ ಬದಲಿಗೆ ರೂಪಿಸಲಾದ ಆದಾಯ ತೆರಿಗೆ ಕಾಯಿದೆ, 2025ರ ಜಾರಿಯ ದಿನಾಂಕ 1-4-2026. ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ. ಓದುಗರಿಗೆ ಪರಿಚಿತವೆಂಬ ಕಾರಣದಿಂದ ಈ ಲೇಖನದಲ್ಲಿ ಹಳೆಯ ಸಂಖ್ಯೆಗಳನ್ನೇ ಕೊಡಲಾಗಿದೆ. ವ್ಯಕ್ತಿಗೆ ಒಂದೇ ಪ್ಯಾನ್ ಎಂಬ ತತ್ವದಲ್ಲಿ ಬದಲಾವಣೆಯಿಲ್ಲ.

3. ಜಿಎಸ್‌ಟಿ ಸಂಖ್ಯೆಯೊಳಗಿನ ಪ್ಯಾನ್

ಕರ್ನಾಟಕದಲ್ಲಿ 1-4-2005ರಿಂದ ಮೌಲ್ಯವರ್ಧಿತ ತೆರಿಗೆ ಜಾರಿಯಲ್ಲಿದ್ದಾಗ ವರ್ತಕರಿಗೆ 29ರಿಂದ ಆರಂಭವಾಗುವ 11 ಅಂಕಿಗಳ 'ಟಿನ್' ಇದ್ದುದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಆ ಸಂಖ್ಯೆಯಲ್ಲಿ ಪ್ಯಾನ್ ಅಡಕವಾಗಿರಲಿಲ್ಲ. 1-7-2017ರಂದು ಜಿಎಸ್‌ಟಿ ಬಂದಾಗ ಈ ಪರಿಸ್ಥಿತಿ ಬದಲಾಯಿತು.

ಜಿಎಸ್‌ಟಿ ಸಂಖ್ಯೆಯಲ್ಲಿ 15 ಸ್ಥಾನಗಳಿವೆ. ಮೊದಲ ಎರಡು ರಾಜ್ಯದ ಸಂಕೇತ. ಕರ್ನಾಟಕಕ್ಕೆ ಇದು 29. ಮುಂದಿನ ಹತ್ತು ಸ್ಥಾನಗಳಲ್ಲಿ ಮಾಲೀಕರ ಪ್ಯಾನ್ ಯಥಾವತ್ತಾಗಿ ಇರುತ್ತದೆ. 13ನೆಯದು ಅದೇ ಪ್ಯಾನ್ ಮೇಲೆ ಅದೇ ರಾಜ್ಯದಲ್ಲಿ ಪಡೆದ ನೋಂದಣಿಯ ಕ್ರಮವನ್ನು ಸೂಚಿಸುತ್ತದೆ. 14ನೆಯದು ಸಾಮಾನ್ಯವಾಗಿ 'ಜೆಡ್' ಅಕ್ಷರ. 15ನೆಯದು ತಾಳೆ ನೋಡುವ ಸಂಕೇತ. ಹೀಗಾಗಿ ಯಾವುದೇ ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆಯ 6ನೆಯ ಸ್ಥಾನವನ್ನು ನೋಡಿದರೆ ಸರಕು ಮಾರಿದವರು ವ್ಯಕ್ತಿಯೋ, ಪಾಲುದಾರಿಕೆಯೋ, ಕಂಪನಿಯೋ ಎಂಬುದು ತಿಳಿಯುತ್ತದೆ. ಹೊಸ ಗಿರಾಕಿಗೆ ಉದ್ದರಿ ಕೊಡುವ ಮೊದಲು ಈ ಒಂದು ಅಕ್ಷರವನ್ನು ನೋಡಿಕೊಳ್ಳುವ ಅಭ್ಯಾಸ ಒಳ್ಳೆಯದು. ಹಣ ಬಾರದಿದ್ದರೆ ಯಾರನ್ನು ಕೇಳಬೇಕೆಂಬುದರ ಸುಳಿವು ಅದರಲ್ಲಿರುತ್ತದೆ.

ನೋಂದಣಿ ಪ್ರಮಾಣಪತ್ರವನ್ನು ವ್ಯಾಪಾರದ ಸ್ಥಳದಲ್ಲಿ ಎದ್ದುಕಾಣುವಂತೆ ಹಾಕಬೇಕು. ಪ್ರವೇಶದ್ವಾರದ ಫಲಕದ ಮೇಲೆ ಸಂಖ್ಯೆಯನ್ನು ಬರೆಸಬೇಕು. ಇದು ಜಿಎಸ್‌ಟಿ ನಿಯಮ 18ರ ಅಗತ್ಯ.

4. ಎರಡು ಅಂಗಡಿ, ಒಂದು ವಹಿವಾಟು

ಸರಕುಗಳನ್ನು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು ರೂ. 40 ಲಕ್ಷ ಮೀರುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ ಎಂಬ ವಿನಾಯಿತಿಯು 1-4-2019ರಿಂದ ಕರ್ನಾಟಕದಲ್ಲಿದೆ. ಸೇವೆ ಒದಗಿಸುವವರಿಗೆ ಈ ಮಿತಿ ರೂ. 20 ಲಕ್ಷ. ಹೊರರಾಜ್ಯಕ್ಕೆ ತೆರಿಗೆಗೆ ಒಳಪಟ್ಟ ಸರಕು ಮಾರುವವರಿಗೆ ಸಾಮಾನ್ಯವಾಗಿ ಈ ಮಿತಿಗಳು ಅನ್ವಯಿಸುವುದಿಲ್ಲ. ಪಾನ್ ಮಸಾಲ, ತಂಬಾಕು, ಐಸ್‌ಕ್ರೀಂ, ಇಟ್ಟಿಗೆ, ಮಣ್ಣಿನ ಹಂಚು ಮೊದಲಾದ ಕೆಲವು ಸರಕುಗಳಿಗೆ 40 ಲಕ್ಷದ ವಿನಾಯಿತಿ ಇಲ್ಲ. ಇಷ್ಟನ್ನು ಅನೇಕರು ಬಲ್ಲರು. ಆದರೆ ಈ ಮಿತಿಯನ್ನು ಅಂಗಡಿವಾರು ಲೆಕ್ಕ ಹಾಕುವುದು ತಪ್ಪು. ಕಾಯಿದೆಯಲ್ಲಿ ಹೇಳಿರುವ ಒಟ್ಟು ವಹಿವಾಟು ಎಂದರೆ ಒಂದೇ ಪ್ಯಾನ್ ಮೇಲೆ ದೇಶಾದ್ಯಂತ ನಡೆದ ಎಲ್ಲ ವಹಿವಾಟು. ತೆರಿಗೆ ವಿನಾಯಿತಿ ಇರುವ ಸರಕಿನ ಮಾರಾಟವೂ ಅದರಲ್ಲಿ ಸೇರುತ್ತದೆ.

ಉದಾಹರಣೆ 1: ಒಬ್ಬ ವರ್ತಕರಿಗೆ ಒಂದು ಬೀದಿಯಲ್ಲಿ ಬಟ್ಟೆ ಅಂಗಡಿ, ಇನ್ನೊಂದು ಬೀದಿಯಲ್ಲಿ ಬೇರೆ ಹೆಸರಿನ ಪಾತ್ರೆ ಅಂಗಡಿ ಇವೆ ಎಂದುಕೊಳ್ಳೋಣ. ಬಟ್ಟೆಯ ಮಾರಾಟ ರೂ. 27 ಲಕ್ಷ, ಪಾತ್ರೆಯ ಮಾರಾಟ ರೂ. 16 ಲಕ್ಷ. ಬಿಡಿಬಿಡಿಯಾಗಿ ಎರಡೂ ಮಿತಿಯೊಳಗಿವೆ. ಆದರೆ ಮಾಲೀಕರು ಒಬ್ಬರೇ ಆದುದರಿಂದ ಒಟ್ಟು ವಹಿವಾಟು ರೂ. 43 ಲಕ್ಷ. ನೋಂದಣಿ ಕಡ್ಡಾಯ.

ಉದಾಹರಣೆ 2: ದಿನಸಿ ವರ್ತಕರೊಬ್ಬರ ವಾರ್ಷಿಕ ಮಾರಾಟ ರೂ. 22 ಲಕ್ಷ. ಇದಲ್ಲದೆ ಅವರು ತಮ್ಮ ಸ್ವಂತ ಮಳಿಗೆಯೊಂದನ್ನು ಬೇರೊಬ್ಬರಿಗೆ ತಿಂಗಳಿಗೆ ರೂ. 10,000ದಂತೆ ಬಾಡಿಗೆಗೆ ಕೊಟ್ಟಿದ್ದಾರೆ. ವಾಣಿಜ್ಯ ಕಟ್ಟಡವನ್ನು ಬಾಡಿಗೆಗೆ ಕೊಡುವುದು ಸೇವೆ. ಆದ್ದರಿಂದ ಅವರು "ಸರಕುಗಳನ್ನು ಮಾತ್ರ" ಪೂರೈಸುವವರಾಗಿ ಉಳಿಯುವುದಿಲ್ಲ. 40 ಲಕ್ಷದ ಮಿತಿ ಅವರಿಗೆ ದೊರೆಯುವುದಿಲ್ಲ. ಒಟ್ಟು ರೂ. 23.20 ಲಕ್ಷವು 20 ಲಕ್ಷದ ಮಿತಿಯನ್ನು ದಾಟಿರುವುದರಿಂದ ಅವರು ನೋಂದಣಿ ಪಡೆಯಬೇಕು. ಠೇವಣಿ ಅಥವಾ ಸಾಲದ ಮೇಲೆ ಬರುವ ಬಡ್ಡಿಯೊಂದರಿಂದ ಮಾತ್ರ ಹೀಗಾಗುವುದಿಲ್ಲ. ಅದಕ್ಕೆ ಕಾಯಿದೆಯಲ್ಲೇ ರಕ್ಷಣೆಯಿದೆ.

2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ಆಧರಿಸಿ ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳನ್ನು ನೀಡಿತು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿಗಳವರು ಆತಂಕಗೊಂಡರು, ಪ್ರತಿಭಟನೆಗಳೂ ನಡೆದವು. ಆ ಘಟನೆಯಿಂದ ವರ್ತಕರು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಕ್ಯೂಆರ್ ಫಲಕದ ಮೇಲೆ ಯಾವ ಅಂಗಡಿಯ ಹೆಸರಿದ್ದರೂ ಅದರ ಹಿಂದಿನ ಬ್ಯಾಂಕ್ ಖಾತೆಯು ಪ್ಯಾನ್‌ಗೆ ಜೋಡಣೆಯಾಗಿರುತ್ತದೆ. ಮನೆಯವರಿಂದ ಬಂದ ಹಣ, ಕೈಸಾಲದ ಮರಳಿಕೆ, ಚೀಟಿ ಹಣ ಎಲ್ಲವೂ ಅದೇ ಖಾತೆಗೆ ಬಂದರೆ, ಮಾರಾಟ ಎಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸುವ ಹೊಣೆ ಪ್ರಾಯೋಗಿಕವಾಗಿ ವ್ಯಾಪಾರಿಯ ಮೇಲೆಯೇ ಬೀಳುತ್ತದೆ. ವ್ಯಾಪಾರಕ್ಕೆ ಒಂದು ಖಾತೆ, ಮನೆಗೆ ಒಂದು ಖಾತೆ ಎಂಬ ಶಿಸ್ತು ಇದಕ್ಕೆ ಸುಲಭವಾದ ಪರಿಹಾರ. ಹಾಲು, ತರಕಾರಿಗಳಂತಹ ವಿನಾಯಿತಿ ಸರಕನ್ನೂ ತೆರಿಗೆಯಿರುವ ಸರಕನ್ನೂ ಒಟ್ಟಿಗೆ ಮಾರುವವರು ಎರಡರ ಮಾರಾಟವನ್ನೂ ಪ್ರತ್ಯೇಕವಾಗಿ ಬರೆದಿಡುವುದು ಅಗತ್ಯ.

5. ಟ್ಯಾನ್: ಯಾರಿಗೆ ಬೇಕು, ಯಾರಿಗೆ ಬೇಡ

ಮೂಲದಲ್ಲಿ ತೆರಿಗೆ ಕಡಿತ ಮಾಡುವವರಿಗೆ ನೀಡುವ 10 ಸ್ಥಾನಗಳ ಸಂಖ್ಯೆ ಟ್ಯಾನ್. ಮೊದಲು 4 ಅಕ್ಷರ, ನಂತರ 5 ಅಂಕಿ, ಕೊನೆಗೆ 1 ಅಕ್ಷರ. ಪ್ಯಾನ್ ಇದ್ದ ಮಾತ್ರಕ್ಕೆ ಟ್ಯಾನ್ ಇದ್ದಂತಾಗುವುದಿಲ್ಲ. ಕಡಿತದ ಹೊಣೆಯಿದ್ದೂ ಟ್ಯಾನ್ ಪಡೆಯದಿದ್ದರೆ 272ಬಿಬಿ ಕಲಮಿನಂತೆ ರೂ. 10,000 ದಂಡ ಬೀಳಬಹುದು.

ಹಿಂದಿನ ವರ್ಷದ ವ್ಯಾಪಾರದ ವಹಿವಾಟು ರೂ. 1 ಕೋಟಿ ಮೀರಿದ ಏಕಮಾಲೀಕರು ಗುತ್ತಿಗೆ, ದಲ್ಲಾಳಿ, ಬಾಡಿಗೆ, ವೃತ್ತಿ ಶುಲ್ಕ, ಬಡ್ಡಿ ಮುಂತಾದ ಪಾವತಿಗಳು ನಿಗದಿತ ಮಿತಿ ದಾಟಿದಾಗ ತೆರಿಗೆ ಕಡಿತ ಮಾಡಬೇಕು. ವೃತ್ತಿನಿರತರಿಗೆ ಈ ಮಿತಿ ರೂ. 50 ಲಕ್ಷ. ಇಲ್ಲಿಯೂ ಎಲ್ಲ ಅಂಗಡಿಗಳ ವಹಿವಾಟನ್ನು ಕೂಡಿಸಿಯೇ ನೋಡಬೇಕು. ಸಂಬಳದ ವಿಷಯ ಬೇರೆ. ನೌಕರನ ಸಂಬಳ ತೆರಿಗೆಗೆ ಒಳಪಡುವಷ್ಟಿದ್ದರೆ ಮಾಲೀಕರ ವಹಿವಾಟು ಎಷ್ಟೇ ಇರಲಿ, ಕಡಿತ ಮಾಡುವ ಹೊಣೆ ಇದೆ.

ಈ ಮಿತಿಯೊಳಗಿನ ಮಾಲೀಕರಿಗೂ ಕೆಲವು ಸಂದರ್ಭಗಳಲ್ಲಿ ಕಡಿತದ ಹೊಣೆ ಬರುತ್ತದೆ. ತಿಂಗಳಿಗೆ ರೂ. 50,000 ಮೀರಿದ ಬಾಡಿಗೆ ಕೊಡುವಾಗ ಮತ್ತು ರೂ. 50 ಲಕ್ಷ ಅಥವಾ ಹೆಚ್ಚಿನ ಮೌಲ್ಯದ ಸ್ಥಿರಾಸ್ತಿಯನ್ನು ದೇಶದ ನಿವಾಸಿಯಿಂದ ಕೊಳ್ಳುವಾಗ ತೆರಿಗೆ ಕಡಿತ ಮಾಡಬೇಕು. ಆದರೆ ಈ ಎರಡಕ್ಕೆ ಟ್ಯಾನ್ ಬೇಕಿಲ್ಲ. ಪ್ಯಾನ್ ಮೂಲಕವೇ ಹಣ ತುಂಬಬಹುದು.

6. ಉದ್ಯಮ್ ಮತ್ತಿತರ ಸಂಖ್ಯೆಗಳು

1-7-2020ರಿಂದ ಹಿಂದಿನ ಉದ್ಯೋಗ್ ಆಧಾರ್ ಬದಲಿಗೆ ಉದ್ಯಮ್ ನೋಂದಣಿ ಜಾರಿಗೆ ಬಂದಿದೆ. ಏಕಮಾಲೀಕತ್ವದಲ್ಲಿ ಇದಕ್ಕೆ ಮಾಲೀಕರ ಆಧಾರ್ ಮತ್ತು ಪ್ಯಾನ್ ಆಧಾರ. ಒಂದು ಉದ್ಯಮಕ್ಕೆ ಒಂದೇ ನೋಂದಣಿ. ತಯಾರಿಕೆ, ಸೇವೆ ಎಂಬ ಬೇರೆ ಬೇರೆ ಚಟುವಟಿಕೆಗಳನ್ನು ಅದರಲ್ಲಿಯೇ ಸೇರಿಸಬೇಕು. ಒಂದೇ ಪ್ಯಾನ್ ಅಡಿಯ ಘಟಕಗಳನ್ನೆಲ್ಲ ಒಂದೇ ಉದ್ಯಮವೆಂದು ಪರಿಗಣಿಸಿ ಬಂಡವಾಳ ಹಾಗೂ ವಹಿವಾಟನ್ನು ಲೆಕ್ಕ ಹಾಕಲಾಗುತ್ತದೆ. 1-4-2025ರಿಂದ ಸೂಕ್ಷ್ಮ ಉದ್ಯಮದ ಮಿತಿ ಯಂತ್ರೋಪಕರಣಗಳಲ್ಲಿ ರೂ. 2.5 ಕೋಟಿ ಹೂಡಿಕೆ ಮತ್ತು ರೂ. 10 ಕೋಟಿ ವಹಿವಾಟು; ಸಣ್ಣ ಉದ್ಯಮಕ್ಕೆ ಕ್ರಮವಾಗಿ ರೂ. 25 ಕೋಟಿ ಮತ್ತು ರೂ. 100 ಕೋಟಿ. ಈ ನೋಂದಣಿ ಸಂಪೂರ್ಣ ಉಚಿತ.

ರಫ್ತು, ಆಮದು ಮಾಡುವವರಿಗೆ ಬೇಕಾದ ಐಇಸಿ ಸಂಖ್ಯೆಯು ಜಿಎಸ್‌ಟಿ ಬಂದ ಮೇಲೆ ಪ್ಯಾನ್ ಸಂಖ್ಯೆಯೇ ಆಗಿದೆ. ಆದರೂ ಅದಕ್ಕಾಗಿ ಅರ್ಜಿ ಸಲ್ಲಿಸಿ ಪಡೆಯಲೇಬೇಕು. ರಾಜ್ಯದ ವೃತ್ತಿ ತೆರಿಗೆಯಲ್ಲಿ ಎರಡು ಬಗೆಗಳಿವೆ: ಮಾಲೀಕರು ತಮ್ಮ ಸ್ವಂತ ತೆರಿಗೆಗಾಗಿ ಪಡೆಯುವುದು ಒಂದು, ನೌಕರರ ಸಂಬಳದಿಂದ ಹಿಡಿದು ತುಂಬಲು ಪಡೆಯುವುದು ಇನ್ನೊಂದು. ಒಂದನ್ನು ಪಡೆದು ಎರಡೂ ಆಯಿತೆಂದು ತಿಳಿಯಬಾರದು.

7. ಮಾಲೀಕರ ಕಾಲಾನಂತರ

ಈ ಲೇಖನದ ಮುಖ್ಯ ಭಾಗ ಇದು. ಸಂಖ್ಯೆಗಳು ಮಾಲೀಕರವೇ ಹೊರತು ಅಂಗಡಿಯವಲ್ಲ ಎಂದ ಮೇಲೆ, ಮಾಲೀಕರು ತೀರಿಕೊಂಡ ದಿನವೇ ಅವುಗಳ ಆಧಾರವೂ ಇಲ್ಲವಾಗುತ್ತದೆ. ಅಂಗಡಿ, ದಾಸ್ತಾನು, ಬರಬೇಕಾದ ಬಾಕಿ ಇವೆಲ್ಲವೂ ವಾರಸುದಾರರಿಗೆ ಬರುತ್ತವೆ. ಪ್ಯಾನ್ ಮತ್ತು ಜಿಎಸ್‌ಟಿ ಸಂಖ್ಯೆ ಬರುವುದಿಲ್ಲ.

ತಂದೆಯ ಮರಣಾನಂತರ ಮಗನು ಅದೇ ಬಿಲ್ಲು ಪುಸ್ತಕದಲ್ಲಿ, ಅದೇ ಜಿಎಸ್‌ಟಿ ಸಂಖ್ಯೆಯಲ್ಲಿ ವ್ಯಾಪಾರ ಮುಂದುವರಿಸುವ ನಿದರ್ಶನಗಳಿವೆ. ಉದ್ದೇಶದಲ್ಲಿ ಮೋಸವಿರುವುದಿಲ್ಲ, ದುಃಖದ ದಿನಗಳಲ್ಲಿ ಯಾರಿಗೂ ಇದು ತೋಚುವುದಿಲ್ಲ. ಆದರೆ ಇನ್ನೊಬ್ಬ ನೋಂದಾಯಿತ ವ್ಯಕ್ತಿಯ ಸಂಖ್ಯೆಯನ್ನು ಬಳಸಿ ಬಿಲ್ಲು ಕೊಡುವುದು ಜಿಎಸ್‌ಟಿ ಕಾಯಿದೆಯ 122ನೇ ಕಲಮಿನಡಿ ದಂಡಾರ್ಹ. ಅಂತಹ ಬಿಲ್ಲಿನ ಮೇಲೆ ಗಿರಾಕಿಗಳು ಪಡೆದ ಹೂಡುವಳಿ ತೆರಿಗೆಯ ಜಮೆಯೂ ವಿವಾದಕ್ಕೆ ಗುರಿಯಾಗಬಹುದು. ತಂದೆಯವರು ಹತ್ತಾರು ವರ್ಷ ಗಳಿಸಿದ ನಂಬಿಕೆಗೆ ಇದರಿಂದ ಧಕ್ಕೆಯಾಗುತ್ತದೆ.

ವ್ಯಾಪಾರ ಮುಂದುವರಿಯುವುದಾದರೆ ಸರಿಯಾದ ಕ್ರಮ ಹೀಗಿದೆ:

(ಅ) ವ್ಯಾಪಾರ ಮುಂದುವರಿಸುವ ವಾರಸುದಾರರು ತಮ್ಮ ಸ್ವಂತ ಪ್ಯಾನ್ ಮೇಲೆ ಹೊಸ ಜಿಎಸ್‌ಟಿ ನೋಂದಣಿಗೆ 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ನೋಂದಣಿಯ ಕಾರಣವನ್ನು "ಮಾಲೀಕರ ಮರಣ" ಎಂದು ನಮೂದಿಸಬೇಕು. ಕಾಯಿದೆಯ 22(3) ಕಲಮಿನಂತೆ ಅವರ ಹೊಣೆ ವಾರಸುದಾರಿಕೆಯ ದಿನದಿಂದಲೇ ಆರಂಭವಾಗುತ್ತದೆ.

(ಆ) ಮೃತರ ಖಾತೆಯಲ್ಲಿ ಉಳಿದಿರುವ ಹೂಡುವಳಿ ತೆರಿಗೆಯ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ಹೊಸ ನೋಂದಣಿಗೆ ವರ್ಗಾಯಿಸಬೇಕು. ಇದಕ್ಕೆ ಸನ್ನದು ಲೆಕ್ಕಪರಿಶೋಧಕರ ಅಥವಾ ವೆಚ್ಚ ಲೆಕ್ಕಿಗರ ಪ್ರಮಾಣಪತ್ರ ಅಗತ್ಯ. ಹೊಣೆಗಾರಿಕೆಗಳೂ ಜೊತೆಗೆ ವರ್ಗವಾಗುತ್ತವೆ.

(ಇ) ವರ್ಗಾವಣೆ ಮುಗಿದ ಮೇಲೆಯೇ ಹಳೆಯ ನೋಂದಣಿಯ ರದ್ದತಿಗೆ ಆರ್‌ಇಜಿ-16 ನಮೂನೆ ಸಲ್ಲಿಸಬೇಕು. ಅವಸರದಲ್ಲಿ ಮೊದಲು ರದ್ದತಿ ಮಾಡಿಸಿದರೆ ಜಮೆಯ ವರ್ಗಾವಣೆಗೆ ತೊಡಕಾಗುತ್ತದೆ. 28-3-2019ರ 96/15/2019 ಸಂಖ್ಯೆಯ ಕೇಂದ್ರ ಸುತ್ತೋಲೆಯು ಈ ಕ್ರಮವನ್ನು ಸ್ಪಷ್ಟಪಡಿಸಿದೆ.

(ಈ) ರದ್ದತಿಯಾದ ಮೂರು ತಿಂಗಳೊಳಗೆ ಅಂತಿಮ ವಿವರಣಪಟ್ಟಿ ಸಲ್ಲಿಸಬೇಕು.

ಆದಾಯ ತೆರಿಗೆಯಲ್ಲಿ ಆ ವರ್ಷವು ಎರಡು ಭಾಗವಾಗುತ್ತದೆ. ಮರಣದ ದಿನದವರೆಗಿನ ಆದಾಯಕ್ಕೆ ವಾರಸುದಾರರು ಇಲಾಖೆಯ ಜಾಲತಾಣದಲ್ಲಿ ಕಾನೂನುಬದ್ಧ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡು ಮೃತರ ಪ್ಯಾನ್‌ನಲ್ಲಿ ವಿವರಣಪಟ್ಟಿ ಸಲ್ಲಿಸಬೇಕು. ಆ ನಂತರದ ವ್ಯಾಪಾರದ ಆದಾಯ ಮುಂದುವರಿಸಿದವರ ಸ್ವಂತ ಪ್ಯಾನ್‌ಗೆ ಸೇರುತ್ತದೆ. ಮೃತರ ತೆರಿಗೆ ಬಾಕಿಗೆ ವಾರಸುದಾರರ ಹೊಣೆಯು 159ನೇ ಕಲಮಿನಂತೆ ಅವರಿಗೆ ಬಂದ ಆಸ್ತಿಯ ಮಿತಿಯಲ್ಲಿರುತ್ತದೆ. ಜಿಎಸ್‌ಟಿಯಲ್ಲಿ ಹಾಗಲ್ಲ: 93ನೇ ಕಲಮಿನಂತೆ ವ್ಯಾಪಾರ ನಿಲ್ಲಿಸಿದರೆ ಹೊಣೆಯು ಮೃತರ ಆಸ್ತಿಯ ಮಟ್ಟಿಗೆ ಸೀಮಿತ, ವ್ಯಾಪಾರ ಮುಂದುವರಿಸಿದರೆ ಆ ಮಿತಿ ಇಲ್ಲದೆ ಪೂರ್ತಿ ಬಾಕಿಗೆ ಹೊಣೆಗಾರರಾಗಬೇಕಾಗುತ್ತದೆ. ಆದುದರಿಂದ ಮುಂದುವರಿಸುವ ನಿರ್ಧಾರಕ್ಕೆ ಮೊದಲು ಬಾಕಿಗಳ ಲೆಕ್ಕ ನೋಡುವುದು ವಿವೇಕ. ವಾರಸುದಾರಿಕೆಯಿಂದ ಬಂದ ವ್ಯಾಪಾರದ ಹಿಂದಿನ ನಷ್ಟವನ್ನು ಮುಂದಕ್ಕೆ ಒಯ್ಯಲು 78(2) ಕಲಮಿನಲ್ಲಿ ಅವಕಾಶವಿದೆ ಎಂಬುದನ್ನೂ ಮರೆಯಬಾರದು.

ತಂದೆಯ ವ್ಯಾಪಾರವನ್ನು ಅವಿಭಕ್ತ ಕುಟುಂಬದ ಪ್ಯಾನ್‌ಗೆ ಸೇರಿಸಿಕೊಳ್ಳಬಹುದೇ ಎಂದು ಕೆಲವರು ಕೇಳುವುದುಂಟು. ತಂದೆಯ ಸ್ವಯಾರ್ಜಿತ ಆಸ್ತಿಯು ಹಿಂದೂ ಉತ್ತರಾಧಿಕಾರ ಕಾಯಿದೆ, 1956ರ 8ನೇ ಕಲಮಿನಂತೆ ಮಗನಿಗೆ ಬಂದಾಗ ಅದು ಅವನ ವೈಯಕ್ತಿಕ ಆಸ್ತಿಯೇ ಆಗುತ್ತದೆ ಎಂದು ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1986ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಅಂತಹ ಸೇರ್ಪಡೆ ತಾನಾಗಿಯೇ ಆಗುವುದಿಲ್ಲ. ಹಲವು ವಾರಸುದಾರರು ಕೂಡಿ ನಡೆಸುವುದಾದರೆ ಪಾಲುದಾರಿಕೆ ಒಪ್ಪಂದ ಮಾಡಿಕೊಂಡು 'ಎಫ್' ಅಕ್ಷರದ ಪ್ಯಾನ್ ಪಡೆಯುವುದು ನೇರವಾದ ಮಾರ್ಗ.

8. ಈಗಲೇ ಮಾಡಬಹುದಾದ ಕೆಲಸಗಳು

ವ್ಯಾಪಾರ ಸುಸೂತ್ರವಾಗಿ ನಡೆಯುತ್ತಿರುವಾಗಲೇ ಮಾಲೀಕರು ಈ ಕೆಳಗಿನ ವ್ಯವಸ್ಥೆಗಳನ್ನು ಮಾಡಿಕೊಳ್ಳಬೇಕೆಂದು ಸೂಚಿಸಬಯಸುತ್ತೇನೆ.

(1) ಎಲ್ಲ ಸಂಖ್ಯೆಗಳನ್ನೂ ಪ್ರಮಾಣಪತ್ರಗಳ ಪ್ರತಿಗಳನ್ನೂ ಒಂದೇ ಕಡತದಲ್ಲಿಟ್ಟು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿಡಬೇಕು.

(2) ಪ್ಯಾನ್, ಆಧಾರ್, ಜಿಎಸ್‌ಟಿ, ಬ್ಯಾಂಕ್ ಖಾತೆ ಈ ನಾಲ್ಕರಲ್ಲಿಯೂ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳಬೇಕು. ಇನಿಷಿಯಲ್ ಒಂದರಲ್ಲಿದ್ದು ಇನ್ನೊಂದರಲ್ಲಿ ವಿಸ್ತರಿಸಿದ್ದರೂ ತೊಂದರೆಯಾಗಬಹುದು.

(3) ಜಾಲತಾಣಗಳಲ್ಲಿ ದಾಖಲಾದ ಮೊಬೈಲ್ ಸಂಖ್ಯೆ ಮತ್ತು ಮಿಂಚಂಚೆ ಮಾಲೀಕರದ್ದೇ ಆಗಿರಬೇಕು. ಹಿಂದಿನ ಲೆಕ್ಕಿಗರ ಅಥವಾ ಕೆಲಸ ಬಿಟ್ಟುಹೋದ ಗುಮಾಸ್ತರ ಸಂಖ್ಯೆ ಇದ್ದರೆ ನೋಟಿಸು ಅವರಿಗೆ ತಲುಪುತ್ತದೆ. ಗಡುವು ಮೀರುವುದು ನಮ್ಮದು.

(4) ಏಕಮಾಲೀಕತ್ವದ ಚಾಲ್ತಿ ಖಾತೆಗೂ ನಾಮನಿರ್ದೇಶನ ಮಾಡಬಹುದು. ಇದನ್ನು ಬ್ಯಾಂಕಿನಲ್ಲಿ ವಿಚಾರಿಸಿ ಪೂರೈಸಬೇಕು.

(5) ಮುಂದೆ ವ್ಯಾಪಾರ ನಡೆಸುವವರು ಯಾರೆಂಬುದನ್ನು ಉಯಿಲಿನಲ್ಲಿ ಸ್ಪಷ್ಟಪಡಿಸಬೇಕು. ಮಗ ಅಥವಾ ಮಗಳು ಈಗಾಗಲೇ ವ್ಯಾಪಾರದಲ್ಲಿ ತೊಡಗಿದ್ದರೆ ಪಾಲುದಾರಿಕೆಯಾಗಿ ಪರಿವರ್ತಿಸುವ ವಿಷಯವನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಚರ್ಚಿಸಬೇಕು. ಪರಿವರ್ತನೆಯಲ್ಲಿ ಹೊಸ ಪ್ಯಾನ್, ಹೊಸ ಜಿಎಸ್‌ಟಿ ಸಂಖ್ಯೆ ಬೇಕಾಗುತ್ತವೆ. ಆದರೆ ಪಾಲುದಾರರೊಬ್ಬರು ತೀರಿಕೊಂಡರೂ ಉಳಿದ ಪಾಲುದಾರರು ಇಬ್ಬರಾದರೂ ಇದ್ದು ಒಪ್ಪಂದದಲ್ಲಿ ಅವಕಾಶವಿದ್ದರೆ ಸಂಸ್ಥೆ ಅದೇ ಸಂಖ್ಯೆಗಳೊಂದಿಗೆ ಮುಂದುವರಿಯಬಲ್ಲದು.

ಏಕಮಾಲೀಕತ್ವದ ಸರಳತೆ ಅದರ ದೊಡ್ಡ ಗುಣ. ಒಪ್ಪಂದ ಪತ್ರವಿಲ್ಲ, ಸಭೆಗಳ ನಡಾವಳಿಯಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ಆದರೆ ಎಲ್ಲವೂ ಒಬ್ಬರ ಹೆಸರಿನ ಮೇಲೆ ನಿಂತಿದೆ ಎಂಬುದೇ ಅದರ ದೌರ್ಬಲ್ಯವೂ ಹೌದು. ಸದಸ್ಯರು ಈ ತಿಂಗಳಲ್ಲಿ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಟ್ಟು, ಮೇಲಿನ ಐದು ಅಂಶಗಳನ್ನು ತಮ್ಮ ಕಡತದೊಂದಿಗೆ ತಾಳೆ ನೋಡಿಕೊಂಡರೆ, ಮುಂದೆ ಅವರ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ.